ತಣ್ಣೀರು

ಬೆಳಗಿನ ಆರು. ಇನ್ನೂ ನಡುರಾತ್ರಿಯಂಥ ಕತ್ತಲು.
ಗ್ಯಾರೇಜಿನ ಬಾಗಿಲು ಸೊಂಟದ ಮಟ್ಟ ಎತ್ತಿ
ಬಕೆಟ್ಟುಗಳ ಪಕ್ಕ ನಿಂತಿದ್ದಾನೆ ಅಪ್ಪ.
ಗಂಡೋ ಹೆಣ್ಣೋ ಕೇಳುವುದಿಲ್ಲ.
"ರಸ್ತೆ ಬೆಳ್ಳಗಿತ್ತೇನೇ, ಹೆಟ್ಟಿ?"

ಬೆಳ್ಳಗಿತ್ತು.
ಗುಡ್ಡದ ತಿರುವಿನಲ್ಲಿ ಉಪ್ಪಿನ ಲಾರಿ
ಹಳದಿ ದೀಪ ತಿರುಗಿಸುತ್ತ, ಕೋಳಿಗೆ ಕಾಳು ಚೆಲ್ಲುವ ಹಾಗೆ
ಚೆಲ್ಲುತ್ತ ಹೋಗುತ್ತಿತ್ತು. ಹಿಂದೆ ನಾನು.
ಕಂದು ಹರಳು ಹೆಲ್ಮೆಟ್ಟಿಗೆ, ಮೊಣಕಾಲಿಗೆ, ಟ್ಯಾಂಕಿಗೆ.
ಸೂಲಗಿತ್ತಿಗೆ ಬೈಕು ಯಾಕೆ, ಕಾರು ಕೊಳ್ಳು
ಅನ್ನುತ್ತಾರೆ ಎಲ್ಲರೂ.
ಮುಂದಿನ ವರ್ಷ ಅನ್ನುತ್ತೇನೆ, ಆರು ವರ್ಷದಿಂದ.

ಆ ಉಪ್ಪು ಅಪ್ಪನದು.
ಚೆಷರಿನ ಹೊಲಗಳ ಕೆಳಗೆ, ಹಸು ಮೇಯುವ ಹುಲ್ಲಿನ ಕೆಳಗೆ
ಮೂವತ್ತೊಂದು ವರ್ಷ ಅಗೆದ.
"ಅಲ್ಲಿ ಒಂದು ಮೊಳೆಗೂ ತುಕ್ಕು ಹಿಡಿಯೋದಿಲ್ಲ.
ನಾನು ಸೇರಿದ ವರ್ಷ ಇಳಿಸಿದ ಯಂತ್ರ
ಬಣ್ಣ ಸಮೇತ ಹಾಗೇ ಇದೆ. ಅಲ್ಲಿ ಗಾಳಿಗೇ ಬಾಯಾರಿಕೆ.
ಮಲಗಿದ ಉಪ್ಪು ಯಾರ ತಂಟೆಗೂ ಬರೋದಿಲ್ಲ.
ನಾವೇ ಎಬ್ಬಿಸಿ, ಮೇಲೆ ತಂದು, ಮಳೆ ತೋರಿಸಿದೆವು."

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ಕುಡಿಸುತ್ತಾನೆ, ತಣ್ಣೀರು ಮಾತ್ರ,
ತಣ್ಣೀರನ್ನೂ ಆರಿಸಿ ಕುಡಿಯುವ ಜಾತಿ ಅವನದು.
ಮೊದಲ ಚಳಿಗಾಲ, ಪಾಪ ಅನ್ನಿಸಿ,
ಕೆಟಲ್ ಕಾಯಿಸಿ ಸುರಿದಿದ್ದೆ ನಾನು.
ಮಾರ್ಚಿಗೆ ಚೌಕಟ್ಟಿನ ಬಣ್ಣವೆಲ್ಲ ಬೊಬ್ಬೆ.
"ಬಿಸಿನೀರು ಉಪ್ಪಿಗೆ ಕಾಲು ಕೊಡುತ್ತೆ" ಅಂದ.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪೈಪಿನ ರಭಸವೂ ಬೇಡ, ಬೇರಿಂಗಿನ ಒಳಕ್ಕೇ ತಳ್ಳುತ್ತದೆ.
ಮಗ್ಗಿನಿಂದ, ಕೆಳಗಿನಿಂದ: ಮಡ್‌ಗಾರ್ಡಿನ ಹೊಟ್ಟೆ,
ಕಡ್ಡಿ ಕಡ್ಡಿಯ ಬುಡ, ಸ್ಟ್ಯಾಂಡಿನ ಸ್ಪ್ರಿಂಗು,
ಹೊಗೆಕೊಳವೆ ಎಂಜಿನ್ನಿಗೆ ಸೇರುವ ಕೊರಳು.
ಬೆರಳು ಹೋಗದ ಕಡೆಗೆ
ಅಮ್ಮನ ಹಲ್ಲುಜ್ಜುವ ಬ್ರಷ್ಷು, ಹಸಿರು ಹಿಡಿಯದು.
ಎಸೆಯದಿರಲು ಅವನಿಗೆ ಸಿಕ್ಕ ನೆಪ.

ತೊಳೆಯುತ್ತ ಹೇಳಿದೆ, ಅವನು ಕೇಳದಿದ್ದರೂ:
ಮೂರೂ ನಲವತ್ತಕ್ಕೆ ಹುಟ್ಟಿತು,
ಹೀತ್‌ಕೋಟರ ಅಟ್ಟದ ಕೋಣೆಯಲ್ಲಿ.
ಹೊರಗೆ ಕುರಿಗಳು ಕೆಮ್ಮುತ್ತಿದ್ದವು.
ಮೈತುಂಬ ಬಿಳಿ ಮೇಣ, ಕಂಕುಳಲ್ಲಿ, ಕಿವಿಯ ಹಿಂದೆ.
ಅಜ್ಜಿ ಬೋಗುಣಿಯಲ್ಲಿ ಬಿಸಿನೀರು ಹಿಡಿದು ಓಡಿ ಬಂದಳು.
ಬೇಡ ಅಂದೆ. ಒರೆಸಬೇಡಿ. ಇವತ್ತು ಹಾಗೇ ಇರಲಿ.
ತಿಂಗಳುಗಟ್ಟಲೆ ಉಪ್ಪುನೀರಲ್ಲಿ ನೆನೆದು ಬಂದದ್ದು,
ಒಂದು ಉಗುರೂ ಸವೆದಿಲ್ಲ ನೋಡಿ.

ಅಪ್ಪನ ಕೈಯ ಬ್ರಷ್ಷು ನಿಂತಿತು.
"ಯಾರು ಹಚ್ಚಿದ್ದು?" ಅಂದ.

ಯಾರು ಅಂತ ಹೇಳಲಿ.

ಇನ್ನು ಒರೆಸಬೇಕು. ಐದು ನಿಮಿಷ ಎಂಜಿನ್ ಓಡಿಸಿ
ಸಂದುಗೊಂದಿಯ ತೇವ ಆರಿಸಬೇಕು.
ಆಮೇಲೆ ಜಿಡ್ಡು, ಕುರಿಯ ಉಣ್ಣೆಯಿಂದ ಹಿಂಡಿ ತೆಗೆದದ್ದು.
ಅಪ್ಪನ ಡಬ್ಬಿ ದೊಡ್ಡದು, ಬೋಲ್ಟುಗಳಿಗೆ.
ನನ್ನ ಚೀಲದ್ದು ಚಿಕ್ಕದು, ಬಾಣಂತಿಯರ ಮೊಲೆತೊಟ್ಟು ಬಿರಿದರೆ.
ಟ್ಯಾಂಸಿನ್‌ಗೆ ಈಗಷ್ಟೇ ಒಂದು ಕೊಟ್ಟು ಬಂದೆ.
ವಸ್ತು ಒಂದೇ. ಬೆಲೆಯಲ್ಲಿ ಮೂರರಷ್ಟು ವ್ಯತ್ಯಾಸ,
ಅದಕ್ಕೆ ಅವನಿಗೆ ನಮ್ಮ ಆಸ್ಪತ್ರೆಯ ಮೇಲೆ ಸಿಟ್ಟು.

"ಬ್ರೇಕಿನ ತಟ್ಟೆಗೆ ತಾಗಿಸಬೇಡ" ಅನ್ನುತ್ತಾನೆ, ಪ್ರತಿ ಸಲದ ಹಾಗೆ.
"ಅದನ್ನು ತುಕ್ಕಿಗೇ ಬಿಡು. ಒರಟಿದ್ದರೆ ತಾನೆ ನಿಲ್ಲೋದು."

ಕಿಟಕಿಯ ಮೂಲೆಯಲ್ಲಿ ಸ್ವಲ್ಪ ಬೂದು ಬೆಳಕು.
ನನ್ನ ಬೆರಳುಗಳು ನನ್ನವಲ್ಲ.
ಸಾಕಪ್ಪ, ಅಂದೆ. ರಾತ್ರಿ ಮತ್ತೆ ಹೆಪ್ಪುಗಟ್ಟುತ್ತೆ,
ಲಾರಿ ಮತ್ತೆ ಬರುತ್ತೆ, ನಾಳೆ ಮತ್ತೆ ಇದೇ.

ಅವನು ಕಷ್ಟಪಟ್ಟು ಬಗ್ಗಿ
ಮಡ್‌ಗಾರ್ಡಿನ ಒಳಗೆ ಒಂದು ಬೆರಳು ಎಳೆದ,
ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ
ನಾಲಿಗೆಗೆ ತಾಗಿಸಿದ,
ಕಣ್ಣು ಮುಚ್ಚಿ ಯೋಚಿಸಿದ.

"ಇನ್ನೊಂದು ಬಕೆಟ್."